ಎಂಟೂ ಕೆಂಪು

4 ಮಾರ್ಚ್ 1985

ಅಪ್ಪಾ,

ಎರಡೂವರೆ ವರ್ಷದ ಮೇಲೆ ಬಂದ ನನ್ನ ಪತ್ರವನ್ನು ಒಡೆಯದೆ ಕಾದ ಸೋಲ್ಡರಿಂಗ್ ಐರನ್ ಕೆಳಗೆ ಹಾಸಿಬಿಡಬೇಡಿ. ಓದಿ. ಜಗಳ ಮುಂದುವರಿಸುವುದಕ್ಕೆ ಬರೆದದ್ದಲ್ಲ, ರಾಜಿಗೂ ಅಲ್ಲ. ನನಗೆ ಎಂಟು ಚಿಪ್ ಬೇಕು.

ಮೊದಲು ಮನೆಯ ಸುದ್ದಿ. ನಿಮ್ಮ ಮೊಮ್ಮಗಳಿಗೆ ಐದು ತಿಂಗಳು ತುಂಬಿತು. ಹುಟ್ಟಿದಾಗ ಕಾರ್ಡು ಹಾಕಿದ್ದೆ, ತಲುಪಿರಬೇಕು. ಇವಳು ಅಳಲು ಶುರು ಮಾಡಿದರೆ ಪ್ಲಾಟ್‌ಫಾರ್ಮಿನ ಆ ತುದಿಗೆ ಕೇಳುತ್ತದೆ. ಅದಕ್ಕೇ ಇವರು, ರೈಲಿನ ಗಾರ್ಡಲ್ಲವೇ, ಪೀಪಿ ಎಂದು ಕರೆಯುತ್ತಾರೆ. ಪೀಪಿ ನಿದ್ದೆ ಮಾಡುವುದಿಲ್ಲ. ಅವಳು ಅಪ್ಪಿತಪ್ಪಿ ಮಲಗಿದರೆ ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ಮೂಗಿನ ಹತ್ತಿರ ಬೆರಳು ಹಿಡಿದುಕೊಂಡು ನಾನು ಮಲಗುವುದಿಲ್ಲ. ಹೋದ ವಾರ ಟೀಗೆ ಉಪ್ಪು ಹಾಕಿದೆ. ಹಾಲಿನ ಬಾಟಲಿ ಪುಸ್ತಕದ ಕಪಾಟಿನಲ್ಲಿ ಸಿಕ್ಕಿತು. ಆಸ್ಪತ್ರೆಯ ಕಿಟಕಿಯಲ್ಲಿ ಮಗು ಹುಟ್ಟಿದ ತಾರೀಖು ಕೇಳಿದರೆ ಬಾಯಿ ತೆರೆದು ನಿಂತುಬಿಟ್ಟೆ! ಸಾಲಿನಲ್ಲಿ ಹಿಂದೆ ನಿಂತವರು "ಪಾಪ, ಅಜ್ಜಿ ಮನೆಯೋರು ಯಾರೂ ಬಂದಿಲ್ವೇನಮ್ಮಾ" ಎಂದರು.

ಎರಡನೆಯ ಸುದ್ದಿ: ಮನೆಗೆ ಕಂಪ್ಯೂಟರ್ ಬಂದಿದೆ! ಇವರ ಜೊತೆಯ ಗಾರ್ಡೊಬ್ಬರು ವರ್ಗವಾಗಿ ಹೋಗುವಾಗ "ಇದು ನನ್ನ ಕೈಲಾಗೋದಲ್ಲ" ಎಂದು ಬಿಟ್ಟುಹೋದರು. ಒಂದು ದಪ್ಪ ಪುಸ್ತಕದಷ್ಟೇ ಇದೆ. ಟಿ.ವಿ.ಗೆ ಒಂದು ತಂತಿ, ಟೇಪ್ ರೆಕಾರ್ಡರಿಗೆ ಇನ್ನೊಂದು, ಅಷ್ಟೇ. ಪೀಪಿಯನ್ನು ಹೆಗಲಿಗೆ ಹಾಕಿಕೊಂಡು ಒಂದೇ ಕೈಯಲ್ಲಿ ಪ್ರೋಗ್ರಾಂ ಬರೆಯುವುದನ್ನು ಕಲಿತೆ. ಅಪ್ಪಾ, ಇದು ಹೇಳಿದ್ದನ್ನು ಕೇಳುತ್ತದೆ! ಈ ಮನೆಯಲ್ಲಿ ಅಂಥದ್ದು ಇದೊಂದೇ.

ಮೂರನೆಯದು ನಿಜವಾದ ವಿಷಯ. ನಮ್ಮ ಬೀದಿಯ ವಾಚನಾಲಯದಲ್ಲಿ ಮಕ್ಕಳ ಪುಸ್ತಕ ಒಂಬೈನೂರು. ಯಾವುದು ಯಾವ ಕಪಾಟಿನಲ್ಲಿದೆ ಎಂದು ಅಲ್ಲಿನ ಗ್ರಂಥಪಾಲಕಿಗೇ ಗೊತ್ತಿಲ್ಲ. ಪಟ್ಟಿಯನ್ನು ಕಂಪ್ಯೂಟರಿಗೆ ಹಾಕಿಕೊಡುತ್ತೇನೆ, ಹೆಸರು ಕೊಟ್ಟರೆ ಕಪಾಟು ಹೇಳುತ್ತದೆ ಎಂದೆ. ಏಪ್ರಿಲ್ 27ಕ್ಕೆ ಸಮಿತಿ ಕೂಡುತ್ತದೆ. ಅವತ್ತು ಮಾಡಿ ತೋರಿಸಿದರೆ ಇಡೀ ವಾಚನಾಲಯದ ಕೆಲಸ ನನಗೆ, ಮನೆಯಲ್ಲೇ ಕೂತು ಮಾಡಬಹುದು. ಇಲ್ಲದಿದ್ದರೆ ಟೈಪಿಸ್ಟಿಗೆ ಕೊಟ್ಟು ಕಾರ್ಡು ಮಾಡಿಸುತ್ತಾರೆ.

ಆದರೆ ಇದರ ಮೆಮೊರಿ ಬರೀ ಹದಿನಾರು ಕೆ. ಹದಿನಾರು ಸಾವಿರ ಚಿಲ್ಲರೆ ಅಕ್ಷರ ಹಿಡಿಯುತ್ತದೆ. ಅದರಲ್ಲಿ ಏಳು ಸಾವಿರ ಟಿ.ವಿ. ಪರದೆಯೇ ನುಂಗುತ್ತದೆ. ನೂರತೊಂಬತ್ತು ಪುಸ್ತಕ ಹಾಕುವಷ್ಟರಲ್ಲಿ "ಔಟ್ ಆಫ್ ಮೆಮೊರಿ" ಎಂದು ಕೈಚೆಲ್ಲಿತು. ನೆನಪು ಮುಗಿಯಿತಂತೆ! ನನಗೂ ಹಾಗೇ ಮುಗಿದಿದೆ, ಆದರೆ ಇದಕ್ಕೆ ಮದ್ದಿದೆ. ಮುಚ್ಚಳ ತೆಗೆದು ನೋಡಿದೆ. ಒಳಗೆ ಎಂಟು ಖಾಲಿ ಸಾಕೆಟ್ಟು, ಬಾಯಿ ತೆರೆದ ಮರಿಗಳ ಹಾಗೆ. ಅವಕ್ಕೆ ಎಂಟು ಚಿಪ್ ಕೂರಿಸಿದರೆ ನಲವತ್ತೆಂಟು ಕೆ! ಇಲ್ಲಿ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ನಿಮ್ಮ ಗುಜರಿ ಡಬ್ಬಿಗಳಲ್ಲಿ ಇಲ್ಲದ್ದು ಲೋಕದಲ್ಲಿಲ್ಲ ಎಂದು ನೆನಪಾಯಿತು.

ನಾನು ಎಂ.ಎಸ್ಸಿ. ಅರ್ಧಕ್ಕೆ ಬಿಟ್ಟು ಮದುವೆಯಾಗಿ ಹೊರಟ ದಿನ ನೀವು ಆಡಿದ್ದು ಒಂದೇ ಮಾತು: "ಇನ್ಮೇಲೆ ಓದೋರು ಯಾರು?" ಓದು ಬಿಟ್ಟವಳೆಂದು ಇನ್ನೂ ಸಿಟ್ಟಿದ್ದರೆ ಇರಲಿ. ಚಿಪ್ ಮಾತ್ರ ಕಳಿಸಿ.

ಅಂಗಡಿಯ ಬೋರ್ಡಿನಲ್ಲಿ "ಮತ್ತು ಮಗಳು" ಎಂಬುದನ್ನು ಅಳಿಸಿದಿರಾ? ಸುಮ್ಮನೆ ಕೇಳಿದೆ.

ಒಂದು ಕೈಯಲ್ಲಿ ಮಗು, ಒಂದು ಕೈಯಲ್ಲಿ ಪೆನ್ನು ಹಿಡಿದ
ನಿಮ್ಮ ಮಗಳು


11 ಮಾರ್ಚ್ 1985

ಪತ್ರ ಬಂತು.

ನೀವು ನೀವು ಅಂತ ಬರ್ದಿದೀಯ. ಯಾರಿಗೆ ಬರ್ದಿದ್ದು ಅಂತ ಲಕೋಟೆ ತಿರುಗಿಸಿ ವಿಳಾಸ ನೋಡ್ದೆ. ಹುಟ್ದಾಗಿಂದ ನೀನು, ಈಗ ನೀವು. ನಾನೇನು ಸ್ಟೇಷನ್ ಮಾಸ್ಟರಾ?

ಸಾಕೆಟ್ಟಿಗೆ ಎಷ್ಟು ತೂತು, ಲೆಕ್ಕ ಹಾಕಿ ಬರಿ. ಸಾಕೆಟ್ಟಿನ ಪಕ್ಕ ಏನಾದ್ರೂ ನಂಬರ್ ಬರ್ದಿದ್ರೆ ಹಂಗೇ ನಕಲು ಮಾಡಿ ಕಳ್ಸು. ಹತ್ರ ಎಲ್ಲಾದ್ರೂ ಒಂದು ಸಣ್ಣ ತಂತಿ ಹಾಕೋಕೆ ಜಾಗ ಬಿಟ್ಟಿದಾರಾ ನೋಡು. ಬಲ್ಬಿನ ಕೆಳಗೆ ನೋಡ್ಬೇಡ, ಕಿಟಕಿ ಹತ್ರ ಬಿಸಿಲಲ್ಲಿ ನೋಡು.

ಡಬ್ಬಿ ಹುಡುಕೋಕೆ ಟೈಮ್ ಬೇಕು. ಈಗ ಒಂದು ರೇಡಿಯೋ ರಿಪೇರಿಗೇ ಮೂರು ದಿನ ಹಿಡಿಯತ್ತೆ. ವಯಸ್ಸಾಯ್ತು.

ಮಗು ಯಾಕೆ ಮಲಗಲ್ಲ? ನೀನೂ ಮಲಗ್ತಿರ್ಲಿಲ್ಲ. ನಿಮ್ಮಮ್ಮ ಹೋದ್ಮೇಲೆ ರೇಡಿಯೋದಲ್ಲಿ ಎರಡು ಸ್ಟೇಷನ್ ನಡುವೆ ಮುಳ್ಳು ನಿಲ್ಸಿ, ಆ ಗೊರಗೊರ ಶಬ್ದ ಕೇಳಿಸ್ತಿದ್ದೆ. ಮಲಗ್ತಿದ್ದೆ.

(ರಬ್ಬರ್ ಮೊಹರು:) ರೇಡಿಯೋ ರಿಪೇರಿ, ಅಪ್ಪ ಮತ್ತು ಮಗಳು


16 ಮಾರ್ಚ್ 1985

ಅಪ್ಪಾ,

ಸರಿ, ನೀನು. ನೀನು, ನೀನು, ನೀನು! ಸಮಾಧಾನವಾಯಿತಾ? ಮೊಹರು ನೋಡಿದೆ. ಅದರ ಬಗ್ಗೆ ಏನೂ ಹೇಳುವುದಿಲ್ಲ, ಆದರೆ ನೋಡಿದೆ.

ಒಂದೊಂದು ಸಾಕೆಟ್ಟಿಗೂ ಹದಿನಾರು ತೂತು, ಬದಿಗೆ ಎಂಟೆಂಟು. ನಂಬರನ್ನು ಬೇರೆ ಚೀಟಿಯಲ್ಲಿ ನಕಲು ಮಾಡಿ ಇಟ್ಟಿದ್ದೇನೆ. ನೀನು ಹೇಳಿದ ತಂತಿಯ ಜಾಗವೂ ಇದೆ! ಮೂರು ಚುಕ್ಕಿ ತವರ. ನಡುವಿನದರಿಂದ ಮೇಲಿನದಕ್ಕಾದರೂ ಕೆಳಗಿನದಕ್ಕಾದರೂ ತಂತಿ ಹಾಕಬಹುದು. ನೋಡದೇ ಇದು ನಿನಗೆ ಹೇಗೆ ಗೊತ್ತಾಯಿತು?

ಈಗ ಪೀಪಿಯ ಸಂಗತಿ ಕೇಳು, ಬಿದ್ದು ಬಿದ್ದು ನಗುತ್ತೀಯ. ನೀನು ಗೊರಗೊರ ಎಂದು ಬರೆದೆಯಲ್ಲ, ಆಗಲೇ ಹೊಳೆಯಿತು. ಈ ಯಂತ್ರ ಕರೆಂಟು ತೆಗೆದರೆ ಎಲ್ಲ ಮರೆತುಬಿಡುತ್ತದೆ. ಆದ್ದರಿಂದ ಪ್ರೋಗ್ರಾಂ ಅನ್ನು ಕ್ಯಾಸೆಟ್ಟಿಗೆ ತುಂಬಿಟ್ಟು ಮಾರನೆಯ ದಿನ ಮತ್ತೆ ಉಣಿಸಬೇಕು. ಉಣಿಸುವಾಗ ಕ್ಯಾಸೆಟ್ಟು ಕೀಯ್ಯೋ ಎಂದು ಕಿರುಚುತ್ತದೆ. ಮನುಷ್ಯರಾದವರು ಕೇಳುವ ಶಬ್ದವಲ್ಲ. ಪೀಪಿ ಎಚ್ಚರವಾದಾಳೆಂದು ಇಷ್ಟು ದಿನ ಬಾತ್‌ರೂಮಿನಲ್ಲಿ ರೆಕಾರ್ಡರ್ ಇಟ್ಟು ಬಾಗಿಲು ಹಾಕಿಕೊಳ್ಳುತ್ತಿದ್ದೆ. ನಿನ್ನೆ ಪತ್ರ ಓದಿ ಅವಳ ಪಕ್ಕದಲ್ಲೇ ಇಟ್ಟೆ. ಕೀಯ್ಯ್ ಎಂದಿತು. ಪೀಪಿ ಅಳು ನಿಲ್ಲಿಸಿದಳು, ಕಣ್ಣು ಅರಳಿಸಿದಳು, ಕಣ್ಣು ಮುಚ್ಚಿದಳು! ಎರಡು ನಿಮಿಷದ ಪ್ರೋಗ್ರಾಂ, ಎರಡು ನಿಮಿಷದ ನಿದ್ದೆ. ಟೇಪು ನಿಂತಿತು, ಇವಳು ಎದ್ದಳು. ಅಂದರೆ ಲೆಕ್ಕ ಸುಲಭ: ಮೆಮೊರಿ ಮೂರು ಪಟ್ಟಾದರೆ ಟೇಪು ಮೂರು ಪಟ್ಟು, ನಿದ್ದೆಯೂ ಮೂರು ಪಟ್ಟು. ಅಪ್ಪಾ, ಚಿಪ್ ಬೇಗ ಕಳಿಸು! ಇದು ಬರೀ ವಾಚನಾಲಯದ ಪ್ರಶ್ನೆಯಲ್ಲ.

ಇವರ ಪುಸ್ತಕದ ರಾಶಿಯ ಅಡಿಯಲ್ಲಿ ಯಂತ್ರದ ಕೈಪಿಡಿ ಸಿಕ್ಕಿತು. ಅದರಲ್ಲಿ ಒಂದು ಸೋಜಿಗ ಓದಿದೆ. ಈ ಮೆಮೊರಿ ಚಿಪ್ಪುಗಳು ಹುಟ್ಟಾ ಮರೆಗುಳಿಗಳಂತೆ. ಬರೆದದ್ದು ಕಣ್ಣು ಮಿಟುಕಿಸುವಷ್ಟರಲ್ಲಿ ಆರಿಹೋಗುತ್ತದೆ. ಅದಕ್ಕೇ ಯಂತ್ರ ಸೆಕೆಂಡಿಗೆ ನೂರಾರು ಸಲ ಒಂದೊಂದು ಮನೆಗೂ ಹೋಗಿ, ಇದ್ದದ್ದನ್ನು ಓದಿ, ಅದನ್ನೇ ಮತ್ತೆ ಬರೆದು ಬರುತ್ತಿರುತ್ತದೆ. ತೊಟ್ಟಿಲಿನ ಹತ್ತಿರ ನಾನು ಮಾಡುವುದೂ ಅದೇ ಅಲ್ಲವೇ! ನನ್ನನ್ನು ಯಾರೂ ಕಂಪ್ಯೂಟರ್ ಎನ್ನುವುದಿಲ್ಲ, ಪುಕ್ಕಲಿ ಎನ್ನುತ್ತಾರೆ.

ಗ್ರಂಥಪಾಲಕಿ ಇವತ್ತು ಬೀದಿಯಲ್ಲಿ ಸಿಕ್ಕಿ "ಏನಮ್ಮಾ, ನಿನ್ನ ಪೆಟ್ಟಿಗೆಯೊಳಗೆ ನನ್ನ ಕಪಾಟು ಹಿಡಿಸುತ್ತಾ?" ಎಂದರು. ಹಿಡಿಸುತ್ತೆ ಎಂದೆ. ಮಾತು ಕೊಟ್ಟಾಯಿತು.

ಟಪಾಲಿನವನ ದಾರಿ ಕಾಯುತ್ತಾ,
ನಿನ್ನ ಮಗಳು


24 ಮಾರ್ಚ್ 1985

ಮಗಳೇ,

ಹಲ್ಲುಪುಡಿ ಡಬ್ಬಿಲಿ ಎಂಟು ಜಿರಳೆ ಕಳ್ಸಿದೀನಿ, ನಿನ್ನ ಚಿಪ್ಪೇ. ಕಾಲು ಮುರಿದೀಯ ಜೋಕೆ, ಬೆಳ್ಳಿ ಕಾಗದದಲ್ಲಿ ಸುತ್ತಿದೀನಿ. ಮುಟ್ಟೋ ಮುಂಚೆ ನಲ್ಲಿ ಮುಟ್ಟು, ಮೈಯಲ್ಲಿರೋ ಕರೆಂಟು ಇಳೀಲಿ. ಸಿಲ್ಕು ಉಟ್ಕೊಂಡು ಕೂರ್ಬೇಡ.

ಇವು ಅರ್ಧ ಕೆಟ್ಟ ಮಾಲು. ಹೆದರ್ಬೇಡ. ಕಾರ್ಖಾನೆಲಿ ಒಂದು ಚಿಪ್ಪಿನ ಅರ್ಧ ಭಾಗದಲ್ಲಿ ಅಲ್ಲೊಂದು ಇಲ್ಲೊಂದು ಮನೆ ಕೆಟ್ರೆ ಬಿಸಾಕಲ್ವಂತೆ. ಚೆನ್ನಾಗಿರೋ ಅರ್ಧಾನೇ ಪೂರ್ತಿ ಅಂತ ಮಾರ್ತಾರೆ. ನಿಮ್ಮ ಮಷಿನ್ ಮಾಡ್ದೋರೂ ಅದನ್ನೇ ಹಾಕೋದು. ನೀನು ನೋಡಿದ ಆ ತಂತಿ ಇರೋದು ಅದಕ್ಕೇ: ಯಾವ ಅರ್ಧ ಉಪಯೋಗಿಸ್ಬೇಕು ಅಂತ ಮಷಿನ್‌ಗೆ ಹೇಳೋಕೆ. ಎಂಟಕ್ಕೂ ಸೇರಿ ಒಂದೇ ತಂತಿ. ಅದಕ್ಕೇ ಎಂಟೂ ಒಂದೇ ಜಾತಿ ಆಗ್ಬೇಕು, ಬೆರೆಸೋ ಹಾಗಿಲ್ಲ.

ಗುಜರಿಯವನು ತಂದಿದ್ದ ಡಬ್ಬಿಲಿ ಚೀಟಿ ಇತ್ತು. ಕೆಂಪು ಚುಕ್ಕಿ ಇಟ್ಟಿದ್ರೆ ಮೇಲರ್ಧ ಸರಿ. ಹಸಿರು ಚುಕ್ಕಿ ಇಟ್ಟಿದ್ರೆ ಕೆಳಗರ್ಧ ಸರಿ. ನಿಂಗೆ ಎಂಟೂ ಕೆಂಪು ಆರಿಸಿದೀನಿ. ತಂತಿ ಮೇಲಕ್ಕೆ ಹಾಕು. ಬೆಸುಗೆ ಹೊಳೀಬೇಕು, ಮಂಕಾಗಿದ್ರೆ ತೆಗ್ದು ಮತ್ತೆ ಹಾಕು.

ನಿನ್ನ ಗಾರ್ಡು ಬೆಸುಗೆಗೆ ಕೈ ಹಾಕೋಕೆ ಬಿಡ್ಬೇಡ. ಅವ್ನಿಗೆ ಹಸಿರು ಬಾವುಟ ಸಾಕು.

ಮಗು ಟೇಪಿಗೆ ಮಲಗ್ತು ಅಂತ ಓದಿ ಪಕ್ಕದ ಗಡಿಯಾರ ರಿಪೇರಿಯವ್ನಿಗೂ ಹೇಳ್ದೆ.

ಅಪ್ಪ


30 ಮಾರ್ಚ್ 1985

ಅಪ್ಪಾ, ಅಪ್ಪಾ, ಅಪ್ಪಾ,

ನಲವತ್ತೆಂಟು! ನಲವತ್ತೆಂಟು ಕೆ!!

ಬೆಳಿಗ್ಗೆ ಪಾರ್ಸೆಲ್ ಬಂತು. ಇವರು ಡ್ಯೂಟಿಯಿಂದ ಬಂದು ಬೂಟು ಬಿಚ್ಚುವ ಮೊದಲೇ ಪೀಪಿಯನ್ನು ಕೈಗೆ ಕೊಟ್ಟೆ. ಕಿಟಕಿಯ ಹತ್ತಿರ ಮೇಜು ಎಳೆದೆ, ನಲ್ಲಿ ಮುಟ್ಟಿದೆ, ಹತ್ತಿ ಸೀರೆ ಉಟ್ಟೆ. ಇವರು "ಅಡುಗೆ ಇಲ್ವಾ?" ಎಂದರು. "ಮಾತಾಡಬೇಡಿ, ಕಾಲು ಮುರಿಯುತ್ತೆ" ಎಂದೆ. ಯಾರ ಕಾಲು ಎಂದು ಕೇಳದೆ ಮಗುವನ್ನು ಎತ್ತಿಕೊಂಡು ವರಾಂಡಕ್ಕೆ ಹೋದರು.

ಮೊದಲು ತಂತಿ. ಎಷ್ಟು ವರ್ಷವಾಗಿತ್ತು ಐರನ್ ಹಿಡಿದು! ಆ ವಾಸನೆ ಬಂತು ನೋಡು, ರಾಳ ಸುಟ್ಟ ವಾಸನೆ, ನಮ್ಮ ಅಂಗಡಿ ಹಾಗೇ ಕಣ್ಣೆದುರು ಬಂದು ನಿಂತಿತು: ನಿನ್ನ ಎತ್ತರದ ಸ್ಟೂಲು, ಪಕ್ಕದಲ್ಲಿ ನನ್ನ ಗಿಡ್ಡ ಸ್ಟೂಲು. ಮೊದಲ ಬೆಸುಗೆ ಮಂಕಾಯಿತು, ತೆಗೆದೆ. ಎರಡನೆಯದು ಹೊಳೆಯಿತು.

ಆಮೇಲೆ ಜಿರಳೆಗಳು. ಒಂದೊಂದನ್ನೂ ಎರಡು ಹೆಬ್ಬೆರಳಲ್ಲಿ ಒತ್ತಿ ಕೂರಿಸಿದೆ. ಅದರಲ್ಲಿ ಎರಡರ ಚುಕ್ಕಿ ನನಗೆ ಹಸಿರಾಗಿ ಕಂಡಿತು. ಕಣ್ಣುಜ್ಜಿಕೊಂಡೆ, ಆಗಲೂ ಹಸಿರು. ಐದಾರು ತಿಂಗಳಿಂದ ನಿದ್ದೆಗೆಟ್ಟ ಕಣ್ಣು, ಟೀಗೆ ಉಪ್ಪು ಹಾಕಿದ ಕಣ್ಣು. ನೀನು ಎಂಟೂ ಕೆಂಪು ಎಂದ ಮೇಲೆ ಕೆಂಪೇ. ಕೂರಿಸಿಬಿಟ್ಟೆ.

ಸ್ವಿಚ್ಚು ಒತ್ತಿದೆ. ಇವರು ವರಾಂಡದಿಂದಲೇ ಸೀಟಿ ಊದಿದರು. ಪರದೆ ಬೆಳಗಿತು! ಮೆಮೊರಿ ಎಷ್ಟಿದೆ ಎಂದು ಕೇಳಿದೆ, ನಲವತ್ತೆಂಟು ಎಂದಿತು! ನಾನು ಕೂಗಿದ ಕೂಗಿಗೆ ಪೀಪಿಯೇ ಬೆಚ್ಚಿ ಸುಮ್ಮನಾದಳು.

ಇವತ್ತಿನಿಂದ ಪುಸ್ತಕದ ಹೆಸರು ತುಂಬುತ್ತಿದ್ದೇನೆ. ಇದಕ್ಕೆ ನಮ್ಮ ಅಕ್ಷರ ಬರುವುದಿಲ್ಲ. ಇಂಗ್ಲಿಷ್ ಅಕ್ಷರದಲ್ಲೇ ನಮ್ಮ ಮಾತು ಟೈಪು ಮಾಡಬೇಕು. ಪರವಾಗಿಲ್ಲ. ಮುನ್ನೂರು ದಾಟಿದೆ, ಇನ್ನೂ ಬಾಯಿ ತೆರೆದುಕೊಂಡೇ ಇದೆ!

ಕುಣಿಯುತ್ತಿರುವ
ನಿನ್ನ ಮಗಳು


8 ಏಪ್ರಿಲ್ 1985

ಅಪ್ಪಾ,

ನನಗೇನೋ ಆಗಿದೆ.

ಒಂಬೈನೂರೂ ತುಂಬಿಸಿದೆ. ನಿನ್ನೆ ಗ್ರಂಥಪಾಲಕಿ ಮನೆಗೇ ಬಂದರು, ಸಮಿತಿಗೆ ಮುಂಚೆ ತಾವೊಮ್ಮೆ ನೋಡಬೇಕೆಂದು. ಕನ್ನಡಕ ಏರಿಸಿಕೊಂಡು ಪರದೆಯ ಮುಂದೆ ಕೂತು ಒಂದೊಂದೇ ಹೆಸರು ಓದಿದರು. ಓದುತ್ತಾ ಓದುತ್ತಾ ನಿಂತರು.

"ಇದೇನಮ್ಮಾ, 'ಮನೆ ಬಂತು ಮನೆ'? ನಮ್ಮಲ್ಲಿರೋದು 'ಮಳೆ ಬಂತು ಮಳೆ'."

ತಿದ್ದಿದೆ. ಇನ್ನೊಂದು ಪುಟ ಹೋದರು. "'ಅಜ್ಜಿಯ ಹಣ್ಣು' ಅಂತಿದೆ. ಅದು 'ಅಜ್ಜಿಯ ಹಲ್ಲು' ಕಣಮ್ಮಾ. ಅಜ್ಜಿಗೆ ಹಲ್ಲಿಲ್ಲದೆ ಹಣ್ಣು ತಿನ್ನೋಕಾಗಲ್ಲ ಅನ್ನೋದೇ ಕಥೆ."

ನಾನು ನಕ್ಕೆ. ಅವರು ನಗಲಿಲ್ಲ. ಮಗುವನ್ನೂ ನನ್ನನ್ನೂ ನೋಡಿದರು. ತುಂಬಾ ಮೆತ್ತಗೆ, "ಸ್ವಲ್ಪ ಮಲಗಮ್ಮ. ಟೈಪಿಸ್ಟು ಹೇಗೂ ಇದಾರೆ" ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಅಕ್ಷರ ಹಾಳಾಗಿ ಏನೇನೋ ಬಂದಿದ್ದರೆ ಯಂತ್ರ ಕೆಟ್ಟಿದೆ ಎನ್ನುತ್ತಿದ್ದೆ. ಆದರೆ ಮಳೆ ಮನೆಯಾಗುವುದು, ಹಲ್ಲು ಹಣ್ಣಾಗುವುದು, ಇದು ಯಂತ್ರ ಮಾಡುವ ತಪ್ಪೇ? ಇದು ನಿದ್ದೆಗಣ್ಣಿನಲ್ಲಿರುವ ಹೆಂಗಸು ಮಾಡುವ ತಪ್ಪು. ಟೈಪು ಮಾಡಿದ್ದು ಮಳೆ ಎಂದೇ ನೆನಪು. ಆದರೆ ಆ ನೆನಪನ್ನು ಈಗ ಯಾರು ನಂಬುತ್ತಾರೆ? ನಾನೇ ನಂಬುತ್ತಿಲ್ಲ. ಮಗು ಹುಟ್ಟಿದ ತಾರೀಖು ಮರೆತವಳು ನಾನು.

ಒಂದೇ ಒಂದು ಕೇಳುತ್ತೇನೆ, ಸಿಟ್ಟು ಮಾಡಿಕೊಳ್ಳಬೇಡ. ಎಂಟೂ ಕೆಂಪೇ ತಾನೇ?

ಉತ್ತರ ಬೇಗ ಬರಲಿ,
ಮಗಳು


12 ಏಪ್ರಿಲ್ 1985

ಎಂಟೂ ಕೆಂಪು. ಎರಡು ಸಲ ನೋಡಿ ಹಾಕಿದೀನಿ. ಮೂವತ್ತು ವರ್ಷದಿಂದ ಇದೇ ಕೆಲ್ಸ ಮಾಡ್ತಿರೋನಿಗೆ ಕೆಂಪು ಯಾವುದು ಅಂತ ನೀನು ಕೇಳೋ ಹಾಗಾಯ್ತಾ? ಬೆಸುಗೆ ಸಡಿಲ ಇರ್ಬೇಕು, ಇಲ್ಲಾ ಟೈಪು ತಪ್ಪಿರ್ಬೇಕು. ನನ್ನ ಮಾಲಲ್ಲಿ ತಪ್ಪಿಲ್ಲ.

(ರಬ್ಬರ್ ಮೊಹರು)


16 ಏಪ್ರಿಲ್ 1985

ಅಪ್ಪಾ,

ನನಗೇನೂ ಆಗಿಲ್ಲ! ನನ್ನ ತಲೆ ಸರಿ ಇದೆ! ಪುರಾವೆ ಸಮೇತ ಬರೆಯುತ್ತೇನೆ, ಕೂತುಕೋ.

ನಿನ್ನ ಕಾರ್ಡು ಓದಿ ಮೊದಲು ಅತ್ತೆ. ಆಮೇಲೆ ಸಿಟ್ಟು ಬಂತು. ಸಿಟ್ಟು ಬಂದಾಗ ನನಗೆ ಗಣಿತ ಚೆನ್ನಾಗಿ ಬರುತ್ತದೆ, ನಿನಗೆ ಗೊತ್ತು. ತಪ್ಪು ಮಾಡಿದ್ದು ನಾನೋ ಯಂತ್ರವೋ, ಯಂತ್ರವನ್ನೇ ಕೇಳಿಬಿಡೋಣ ಎಂದು ಹತ್ತು ಸಾಲಿನ ಪ್ರೋಗ್ರಾಂ ಬರೆದೆ. ಹೊಸ ಮೆಮೊರಿಯ ಒಂದೊಂದು ಮನೆಗೂ ಒಂದು ಸಂಖ್ಯೆ ಬರಿ, ತಕ್ಷಣ ಓದು, ಬರೆದದ್ದೂ ಓದಿದ್ದೂ ಬೇರೆಯಾದರೆ ಎಷ್ಟು ಬೇರೆ ಎಂದು ಹೇಳು. ನಾನು ಕೀಲಿ ಮುಟ್ಟುವ ಹಾಗೇ ಇಲ್ಲ, ಬರೀ ಯಂತ್ರದ ಪರೀಕ್ಷೆ. ಹಾಕಿ, ಬಟ್ಟೆ ಒಗೆಯಲು ಹೋದೆ.

ಬಂದು ನೋಡಿದರೆ ಪರದೆಯ ತುಂಬ ತಪ್ಪು! ಆದರೆ ಎಂಥ ಶಿಸ್ತಿನ ತಪ್ಪು ಅಪ್ಪಾ! ಎಲ್ಲ ಕಡೆ ವ್ಯತ್ಯಾಸ ಎರಡು, ಇಲ್ಲವೇ ಮೂವತ್ತೆರಡು. ಬೇರೆ ಸಂಖ್ಯೆಯೇ ಇಲ್ಲ. ಎಂಟು ಚಿಪ್ ಒಟ್ಟಿಗೆ ಒಂದು ಅಕ್ಷರ ಹಿಡಿಯುತ್ತವಲ್ಲ, ಒಂದೊಂದಕ್ಕೂ ಒಂದೊಂದು ಬೆಲೆ: ಒಂದು, ಎರಡು, ನಾಲ್ಕು, ಎಂಟು, ಹದಿನಾರು, ಮೂವತ್ತೆರಡು, ಹೀಗೆ ದುಪ್ಪಟ್ಟು. ಎರಡು ಎಂದರೆ ಎರಡನೆಯ ಚಿಪ್. ಮೂವತ್ತೆರಡು ಎಂದರೆ ಆರನೆಯದು. ಮಿಕ್ಕ ಆರೂ ಬಂಗಾರ.

ಯಂತ್ರದೊಳಗೆ ಅಕ್ಷರವೆಲ್ಲ ಸಂಖ್ಯೆಯೇ: ಎಲ್ ಅಕ್ಷರಕ್ಕೆ ಎಪ್ಪತ್ತಾರು, ಎನ್ ಅಕ್ಷರಕ್ಕೆ ಎಪ್ಪತ್ತೆಂಟು. ವ್ಯತ್ಯಾಸ ಎಷ್ಟು? ಎರಡು! ಇಂಗ್ಲಿಷ್ ಅಕ್ಷರದಲ್ಲಿ ಮಳೆ ಎಂದು ಹೊಡೆದು ಎಲ್ ಜಾಗಕ್ಕೆ ಎನ್ ಬಂದರೆ ಮನೆ. ಹಲ್ಲಿನ ಎರಡು ಎಲ್ ಜಾಗಕ್ಕೂ ಬಂದರೆ ಹಣ್ಣು. ನಾನು ಹೊಡೆದದ್ದು ಮಳೆಯೇ, ಅಪ್ಪಾ. ನನ್ನ ನೆನಪು ಸರಿಯಾಗಿತ್ತು, ಅದರ ನೆನಪು ತಪ್ಪಿತು! ಒದ್ದೆ ಕೈಯಲ್ಲೇ ಪೀಪಿಯನ್ನೆತ್ತಿ ಕೋಣೆಯ ತುಂಬ ಕುಣಿದೆ.

ಮುಚ್ಚಳ ತೆಗೆದೆ. ಎರಡನೆಯದು ಮತ್ತು ಆರನೆಯದು. ಅವತ್ತು ನನಗೆ ಹಸಿರಾಗಿ ಕಂಡವು ಅವೇ ಎರಡು. ಬಿಸಿಲಿಗೆ ಹಿಡಿದೆ. ಹಸಿರು. ಇವರನ್ನು ಕರೆದು "ಯಾವ ಬಣ್ಣ ಹೇಳಿ" ಎಂದೆ. "ಲೈನ್ ಕ್ಲಿಯರ್" ಎಂದರು, ಗಾರ್ಡಿನ ಬಾಯಲ್ಲಿ ಹಸಿರು.

ಆಮೇಲೆ ಕುಣಿಯುವುದು ನಿಲ್ಲಿಸಿ ನಿನ್ನ ಕಾರ್ಡನ್ನು ತೆಗೆದು ಮತ್ತೊಮ್ಮೆ ಓದಿದೆ.

ನಮ್ಮ ಆಟ ನೆನಪಿದೆಯಾ? ಗಿಡ್ಡ ಸ್ಟೂಲಿನ ಮೇಲೆ ನಾನು. ನೀನು ಒಂದೊಂದೇ ರೆಸಿಸ್ಟರ್ ಎತ್ತಿ ಹಿಡಿದು "ಪಟ್ಟೆರಾಣಿ, ಓದು" ಎನ್ನುತ್ತಿದ್ದೆ. ಅಕ್ಕಿಕಾಳಿನಷ್ಟು ಸಾಮಾನು, ಮೈಮೇಲೆ ಬಣ್ಣದ ಪಟ್ಟೆ. ನಾನು "ಕಂದು, ಕಪ್ಪು, ಕೆಂಪು" ಎಂದು ಕೂಗುತ್ತಿದ್ದೆ. ಬಣ್ಣ ಕೇಳಿ ನೀನು ಅದರ ಬೆಲೆ, ಎಷ್ಟು ಓಮ್ ಎಂದು, ಹೇಳುತ್ತಿದ್ದೆ. ಶಾಲೆಯಲ್ಲಿ ಎಲ್ಲರ ಅಪ್ಪಂದಿರೂ ಪಟ್ಟದ ರಾಣಿ ಎಂದರೆ ನನ್ನಪ್ಪ ಪಟ್ಟೆರಾಣಿ ಎನ್ನುತ್ತಾನೆ ಎಂದು ಎಷ್ಟು ಜಂಬ ನನಗೆ! ಆರನೆಯ ವಯಸ್ಸಿನಿಂದ ಇಪ್ಪತ್ತೊಂದರವರೆಗೆ ಓದಿದೆ. ಒಂದು ಸಲವೂ ನೀನು "ತಪ್ಪು" ಅನ್ನಲಿಲ್ಲ. ಇವತ್ತು ಯೋಚಿಸಿದರೆ, ಒಂದು ಸಲವೂ "ಸರಿ" ಅಂತಲೂ ಅನ್ನಲಿಲ್ಲ. ಹಣ್ಣಿನ ಅಂಗಡಿಗೆ ಹೋದರೂ "ಮಾಗಿದ್ದು ನೀನೇ ಆರಿಸು" ಎನ್ನುತ್ತಿದ್ದೆ. ನನ್ನ ಮೇಲೆ ಎಷ್ಟು ನಂಬಿಕೆ ಎಂದುಕೊಳ್ಳುತ್ತಿದ್ದೆ.

ನಾನು ಹೊರಟ ದಿನ "ಇನ್ಮೇಲೆ ಓದೋರು ಯಾರು?" ಅಂದೆಯಲ್ಲ.

ಇಲ್ಲಿ ಎರಡು ಸಾಲು ಬರೆದು ಹೊಡೆದುಹಾಕಿದ್ದೇನೆ. ಬೆಳಕಿಗೆ ಹಿಡಿದು ಓದಲು ಹೋಗಬೇಡ.

ಒಂದು ಕೆಲಸ ಮಾಡು. ಆ ಡಬ್ಬಿಯನ್ನು ಹಾಗೇ ಪೂರ್ತಿ ಕಳಿಸು. ನೀನು ಆರಿಸುವುದು ಬೇಡ, ನಿನಗೆ ಕೆಲಸ ಜಾಸ್ತಿ. ನಾನಿಲ್ಲಿ ಕಿಟಕಿಯ ಹತ್ತಿರ ಕೂತು ಓದುತ್ತೇನೆ. ಸಮಿತಿಗೆ ಇನ್ನು ಹನ್ನೊಂದು ದಿನ.

ನಿನ್ನ
ಪಟ್ಟೆರಾಣಿ


20 ಏಪ್ರಿಲ್ 1985

ಮಗಳೇ,

ಡಬ್ಬಿ ಕಳ್ಸಿದೀನಿ. ಅದ್ರ ಜೊತೆ ಒಂದು ಬಟ್ಟೆ ಚೀಲ ಇದೆ. ರೆಸಿಸ್ಟರು. ನೀನು ಹೋದಾಗಿಂದ ಬಂದಿದ್ದೆಲ್ಲ ಅದ್ರಲ್ಲೇ ಬಿದ್ದಿದೆ, ಬೇರೆ ಮಾಡಿಲ್ಲ. ಒಂದೊಂದನ್ನೂ ಮೀಟರಿಗೆ ಹಚ್ಚಿ ನೋಡ್ಬೇಕು, ಅದಕ್ಕೇ ಒಂದು ರೇಡಿಯೋಗೆ ಮೂರು ದಿನ. ಅವಸರ ಇಲ್ಲ. ಸಮಿತಿ ಮುಗೀಲಿ. ಮಗು ಮಲಗ್ದಾಗ ನೋಡು.

ಹೊಡೆದುಹಾಕಿದ ಸಾಲು ಬೆಳಕಿಗೆ ಹಿಡಿದು ನೋಡ್ದೆ. ಕಾಣ್ಲಿಲ್ಲ. ಆದ್ರೂ ಓದ್ಕೊಂಡೆ.

ಅವತ್ತು ನಾನು ಅಂದಿದ್ದು ನಿನ್ನ ಎಂ.ಎಸ್ಸಿ. ಬಗ್ಗೆ ಅಲ್ಲ.

ಅಪ್ಪ


28 ಏಪ್ರಿಲ್ 1985

ಅಪ್ಪಾ,

ಗೆದ್ದೆವು!

ಹೇಗೆಂದು ಕೇಳು. ಡಬ್ಬಿ ಇಪ್ಪತ್ತಮೂರಕ್ಕೆ ಬಂತು. ನಲವತ್ತೊಂದು ಜಿರಳೆ. ಬಿಸಿಲಿನಲ್ಲಿ ಹಳೆಯ ಬಿಳಿ ಟವೆಲ್ ಹಾಸಿ ಕೆಂಪು ಒಂದು ಕಡೆ, ಹಸಿರು ಒಂದು ಕಡೆ ಮಾಡಿದೆ. ಪೀಪಿ ಪಕ್ಕದಲ್ಲಿ ಬೋರಲು ಬಿದ್ದು ಮೇಲ್ವಿಚಾರಣೆ ಮಾಡಿದಳು. ಎರಡು ಕೆಂಪು ಕೂರಿಸಿ ಪರೀಕ್ಷೆಗೆ ಹಾಕಿದೆ. ಮೂವತ್ತೆರಡು ಸಾವಿರ ಚಿಲ್ಲರೆ ಮನೆ, ಒಂದು ತಪ್ಪಿಲ್ಲ! ಆಮೇಲೆ ಒಂಬೈನೂರು ಹೆಸರನ್ನೂ ಮತ್ತೆ ಓದಿ ಮೂವತ್ತೇಳನ್ನು ತಿದ್ದಿದೆ. ಒಂದು ಕಡೆ "ಕಲ್ಲು ಮಾತಾಡಿತು" ಎಂಬುದು "ಕಣ್ಣು ಮಾತಾಡಿತು" ಆಗಿತ್ತು. ತಿದ್ದುವುದಕ್ಕೆ ಮನಸ್ಸೇ ಬರಲಿಲ್ಲ.

ನಿನ್ನೆ ವಾಚನಾಲಯದ ಉದ್ದ ಮೇಜಿನ ಸುತ್ತ ಸಮಿತಿಯ ಐದು ಜನ. ಇವರು ರಜೆ ಹಾಕಿ ಯೂನಿಫಾರ್ಮಿನಲ್ಲೇ ಟಿ.ವಿ. ಹೊತ್ತು ತಂದರು. ಪೀಪಿಗೆ ಜನ ಕಂಡು ಅಳು. ಅಧ್ಯಕ್ಷರು ದಂತವೈದ್ಯರು. ಅವರು ಗಡಿಯಾರ ನೋಡಿಕೊಂಡರು. ಟೇಪು ಹಚ್ಚಿದೆ. ಕೀಯ್ಯ್ ಎಂದಿತು. ಐದು ಜನವೂ ಕಿವಿ ಮುಚ್ಚಿಕೊಂಡರು, ಪೀಪಿ ಕಣ್ಣು ಮುಚ್ಚಿಕೊಂಡಳು! ಗ್ರಂಥಪಾಲಕಿ ನನ್ನ ಕೈಯಿಂದ ಅವಳನ್ನು ತೆಗೆದುಕೊಂಡರು. ಐದು ನಿಮಿಷ ಅವರ ಮಡಿಲಲ್ಲಿ ಗೊರಕೆ ಹೊಡೆದಳು. "ಇದು ಕೆಟ್ಟಿದೆಯಾ?" ಎಂದು ಒಬ್ಬರು ಕೇಳಿದರು. "ಇಲ್ಲ, ನೆನಪು ಮಾಡಿಕೊಳ್ಳುತ್ತಿದೆ" ಎಂದೆ.

ಟೇಪು ನಿಂತಿತು. ಅಧ್ಯಕ್ಷರು "ನಮ್ಮ ಕಸುಬಿನದ್ದೇ ಕೇಳೋಣ. ಹಲ್ಲು ಅಂತ ಹಾಕಮ್ಮಾ" ಎಂದರು.

ಹಲ್ಲು! ಒಂಬೈನೂರರಲ್ಲಿ ಅದನ್ನೇ ಕೇಳಬೇಕೇ! ಗ್ರಂಥಪಾಲಕಿ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಒಂದೊಂದೇ ಅಕ್ಷರ ಹೊಡೆದೆ. "ಅಜ್ಜಿಯ ಹಲ್ಲು. ಮೂರನೇ ಕಪಾಟು, ಮೇಲಿಂದ ಎರಡನೇ ಅಡ್ಡಹಲಗೆ." ಅಧ್ಯಕ್ಷರೇ ಎದ್ದುಹೋಗಿ ಕೈ ಹಾಕಿ ಪುಸ್ತಕ ಹಿಡಿದುಕೊಂಡು ಬಂದರು. ಅಲ್ಲೇ ನಿಂತು ಅರ್ಧ ಓದಿ ನಕ್ಕರು. ಗ್ರಂಥಪಾಲಕಿ ನನ್ನ ಕಿವಿಯ ಹತ್ತಿರ ಬಾಗಿ "ಅವತ್ತು ಮಲಗು ಅಂದಿದ್ದು ತಪ್ಪಾಯ್ತು ಕಣಮ್ಮಾ. ಆದರೂ ಮಲಗು" ಎಂದರು.

ಕೆಲಸ ನನ್ನದು, ಅಪ್ಪಾ. ಎಲ್ಲ ಕಪಾಟುಗಳೂ!

ಇವತ್ತು ಭಾನುವಾರ. ಬೆಳಿಗ್ಗೆಯಿಂದ ನಿನ್ನ ಚೀಲ ಬಿಚ್ಚಿ ಕೂತಿದ್ದೇನೆ. ಇವರು ಬೀದಿಯವರ ಹತ್ತಿರವೆಲ್ಲ ಖಾಲಿ ಬೆಂಕಿಪೊಟ್ಟಣ ಬೇಡಿ ತಂದಿದ್ದಾರೆ. ನಾನು ಓದುತ್ತೇನೆ, ಇವರು ಹಾಕುತ್ತಾರೆ. ಪ್ರತಿ ಪೊಟ್ಟಣದ ಮೇಲೂ ಬಣ್ಣ ಬರೆದಿಲ್ಲ, ಬೆಲೆಯನ್ನೇ ದೊಡ್ಡದಾಗಿ ಕಪ್ಪು ಶಾಯಿಯಲ್ಲಿ ಬರೆದಿದ್ದೇನೆ. ಇನ್ನು ಮೇಲೆ ಬಂದದ್ದನ್ನೆಲ್ಲ ತಿಂಗಳಿಗೊಂದು ಚೀಲ ಕಳಿಸು. ಬೋರ್ಡಿನಲ್ಲಿ ಹೆಸರಿರುವವಳು ಕೆಲಸ ಮಾಡಬೇಡವೇ?

ನಿನ್ನೆ ಪೀಪಿ ನಾಲ್ಕು ಗಂಟೆ ಒಂದೇ ಸಮ ಮಲಗಿದಳು. ನಾನೂ ಮಲಗಿದೆ. ಮೂಗಿನ ಹತ್ತಿರ ಬೆರಳು ಹಿಡಿದದ್ದು ಎರಡೇ ಸಲ.

ಕಂದು, ಕಪ್ಪು, ಕೆಂಪು ಎಂದು ಇನ್ನೂ ಕೂಗುತ್ತಿರುವ
ಪಟ್ಟೆರಾಣಿ


4 ಮೇ 1985

ಪಟ್ಟೆರಾಣಿ,

ಬೆಂಕಿಪೊಟ್ಟಣ ಬಂತು. ನಿನ್ನೆ ಒಂದೇ ದಿನದಲ್ಲಿ ಎರಡು ರೇಡಿಯೋ ಮುಗಿಸ್ದೆ. ಗಡಿಯಾರದವ್ನು ಬಂದು "ಏನ್ ಸ್ವಾಮಿ, ವಯಸ್ಸು ಹಿಂದಕ್ಕೆ ಓಡ್ತಿದ್ಯಾ?" ಅಂದ. ನೆನಪು ಜಾಸ್ತಿ ಮಾಡಿಸ್ಕೊಂಡೆ ಅಂದೆ. ಅವ್ನಿಗೆ ಅರ್ಥ ಆಗ್ಲಿಲ್ಲ.

ಹನ್ನೆರಡನೇ ತಾರೀಖು ಭಾನುವಾರ, ಅಂಗಡಿ ಮುಚ್ಚಿ ಬೆಳಗಿನ ರೈಲಿಗೆ ಬರ್ತೀನಿ. ನಿನ್ನ ಗಾರ್ಡಿನ ರೈಲೇ ಇರ್ಬೇಕು ಅದು. ಇಳಿಯೋ ಹೊತ್ತಿಗೆ ಮಾತಾಡಿಸ್ತೀನಿ ಅಂತ ಹೇಳು. ಮೊದಲು ಆ ತಂತಿ ಬೆಸುಗೆ ನೋಡ್ಬೇಕು, ಹೊಳೀತಿದ್ಯೋ ಇಲ್ವೋ. ಆಮೇಲೆ ಟೇಪು ಹಾಕು, ಮಗು ಹೆಂಗೆ ಮಲಗತ್ತೆ ನೋಡ್ತೀನಿ.

ಪೀಪಿಗೆ ಒಂದು ಫ್ರಾಕ್ ತಗೊಂಡಿದೀನಿ. ಅಂಗಡಿಯಲ್ಲಿ ಎರಡು ತೋರಿಸ್ದ. ಒಂದೇ ಥರ ಎರಡು ಯಾಕೆ ತೋರಿಸ್ತೀಯ ಅಂದೆ. ಅವ್ನು ನಕ್ಕ. ನಾನೂ ನಕ್ಕೆ. ಮೆತ್ತಗಿರೋದು ತಗೊಂಡೆ.

ಯಾವ ಬಣ್ಣ ಅಂತ ನೀನೇ ಓದಿ ಹೇಳು.

ಅಪ್ಪ